ರೊಟ್ಟಿ ಮುಟ್ಟಿ ಹೇಳಿದ ಮಾತು

ಹೊಸ ದಿನಸಿ ಅಂಗಡಿಯ ಬಾಗಿಲು ಯಾರೂ ಮುಟ್ಟದೆ ತಾನೇ ತೆರೆದುಕೊಳ್ಳುತ್ತದಂತೆ ಎಂಬ ಸುದ್ದಿಯನ್ನು ಮನೆಗೆ ತಂದವರು ಮಾವ. ಎರ್ಗಾಶ್ ದಾದಾ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಊರಿನ ಹಳೆ ಬಸ್ ನಿಲ್ದಾಣ ಕೆಡವಿದ ಜಾಗದಲ್ಲೇ ಆ ಅಂಗಡಿ ಏಳುತ್ತಿತ್ತು. ಹಾಗಾಗಿ ದಿನಾ ಹೋಗಿ ನಿಂತು ನೋಡುವುದು ತನ್ನ ಹಕ್ಕು ಎಂದು ಅವರು ತಿಳಿದಿದ್ದರು.

“ಮುಂದೆ ನಿಂತ್ರೆ ಸಾಕು, ಸರ್ ಅಂತ ತೆಗೆಯುತ್ತೆ,” ಎಂದರು, ಕುರಿಮಾಂಸದ ಸಾರಿಗೆ ರೊಟ್ಟಿ ಮುರಿದು ಹಾಕುತ್ತ.

“ನಾಯಿ ಬಂದು ನಿಂತ್ರೆ?” ಅತ್ತೆ ಕೇಳಿದರು.

“ನಾಯಿಗೂ ತೆಗೆಯುತ್ತೆ ಮುದುಕಿ. ಅದಕ್ಕೇನು ಗೊತ್ತು ಯಾರು ಬಂದ್ರು ಅಂತ.”

“ಹಾಗಾದ್ರೆ ಅದೆಂಥ ಮರ್ಯಾದಸ್ಥರ ಅಂಗಡಿಯೋ!”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನಗೆ ಆ ಬಾಗಿಲಿನ ಮೇಲೆ ಆಸೆಯಿತ್ತು.

ನನ್ನ ಹೆಸರು ಮುನಿಸಾ. ಈ ಮನೆಗೆ ಸೊಸೆಯಾಗಿ ಬಂದು ಆರು ವರ್ಷ. ಮದುವೆಗೆ ಮುಂಚೆ ಜಿಲ್ಲಾ ಪಟ್ಟಣದ ಔಷಧಿ ಅಂಗಡಿಯೊಂದರಲ್ಲಿ ಎರಡು ವರ್ಷ ಗಲ್ಲಾದಲ್ಲಿ ಕೂತವಳು. ಆಗಿನ ನನ್ನ ಬಿಳಿ ಕೋಟು ಇನ್ನೂ ಅತ್ತೆಯ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದೆ. ಹೊಸ ಅಂಗಡಿಗೆ ಗಲ್ಲಾದಲ್ಲಿ ಕೂರುವ ನಾಲ್ಕು ಹೆಂಗಸರು ಬೇಕು ಎಂದು ಗೋಡೆಗೆ ಚೀಟಿ ಹಚ್ಚಿದ ದಿನವೇ ನಾನು ಹೋಗಿ ಅರ್ಜಿ ಕೊಟ್ಟಿದ್ದೆ. ಮೇನೇಜರ್ ಲೋಲಾ ಓಪಾ, ಅಂದರೆ ಲೋಲಾ ಅಕ್ಕ, ನನ್ನ ಕೈಗೆ ಬಿಲ್ಲಿನ ಯಂತ್ರ ಕೊಟ್ಟು ನೋಡಿದರು. “ಕೈ ಓಡುತ್ತೆ ನಿಮಗೆ. ಮನೇಲಿ ಒಪ್ಪಿಸಿ ಬನ್ನಿ,” ಎಂದರು.

ಮನೆಯಲ್ಲಿ ಒಪ್ಪಿಸುವುದು! ಮೊದಲು ಗಂಡ ಬೋತಿರ್‌ಗೆ ಹೇಳಿದೆ. ಅವರು ಕಬ್ಬಿಣದ ಗೇಟುಗಳಿಗೆ ಬೆಸುಗೆ ಹಾಕುವವರು, ಮಾತಿಗೆ ಮಾತ್ರ ಬೆಸುಗೆ ಹಾಕಲು ಬಾರದವರು.

“ಓಯಿ ಹೂಂ ಅಂದ್ರೆ ನಂದೇನೂ ಇಲ್ಲ.”

“ಊಹೂಂ ಅಂದ್ರೆ?”

“ಆಗ್ಲೂ ನಂದೇನೂ ಇಲ್ಲ.”

ಓಯಿ ಎಂದರೆ ತಾಯಿ. ಅತ್ತೆಯನ್ನು ನಾನೂ ಓಯಿ ಎಂದೇ ಕರೆಯಬೇಕು, ಕರೆಯುತ್ತೇನೆ. ಅವರ ಹೆಸರು ಬಶೋರತ್. ಮೂರು ವಾರ ನಾನು ಅವರ ಚಹಾದ ಬಟ್ಟಲು ಆರದಂತೆ, ಅಂಗಳದಲ್ಲಿ ಹಿಪ್ಪುನೇರಳೆ ಎಲೆ ಒಂದೂ ಉಳಿಯದಂತೆ, ಅವರ ಮೊಣಕಾಲಿಗೆ ದಿನಾ ಎರಡು ಹೊತ್ತು ಎಣ್ಣೆ ತಪ್ಪದಂತೆ ನೋಡಿಕೊಂಡೆ. ಕೊನೆಗೆ ಅವರೇ ಹೇಳಿದರು, “ಮೊದ್ಲು ಆ ಜಾಗ ಕಣ್ಣಾರೆ ನೋಡ್ತೀನಿ. ಆಮೇಲೆ ಮಾತು.”

ಅಂಗಡಿ ತೆರೆದ ಮೂರನೆಯ ದಿನ ಹೊರಟೆವು. ಅತ್ತೆ ಮದುವೆಗಳಿಗೆ ಹಾಕುವ ಮಖಮಲ್ಲಿನ ನಿಲುವಂಗಿ ತೊಟ್ಟರು. ನಾದಿನಿ ದುರ್ದೋನಾ ತುಟಿಗೆ ಬಣ್ಣ ಹಚ್ಚಿದಳು, ಬೈಸಿಕೊಂಡು ಒರೆಸಿದಳು, ದಾರಿಯಲ್ಲಿ ಮತ್ತೆ ಹಚ್ಚಿದಳು. ನನ್ನ ಐದು ವರ್ಷದ ಮಗಳು ಸೆವಾರಾ ತಾತನ ಹೆಗಲೇರಿದಳು. ಬೋತಿರ್‌ಗೆ ಯಾರದೋ ಗೇಟಿನ ಕೆಲಸವಿತ್ತು.

ಬಾಗಿಲು ಸರ್ ಎಂದು ತೆರೆಯಿತು. ಅತ್ತೆ “ಬಿಸ್ಮಿಲ್ಲಾ” ಎಂದು ಬಲಗಾಲಿಟ್ಟರು. ಒಳಗೆ ಆಲೂಗಡ್ಡೆ ಚಿವುಟಿ ನೋಡಿದರು, ಕರಬೂಜದ ಬುಡ ಮೂಸಿದರು. ಒಣದ್ರಾಕ್ಷಿ ತೂಗುವ ಹುಡುಗಿಗೆ “ಸುಮ್ನೆ ಕೊನೇ ರೇಟು ಹೇಳ್ಬಿಡು, ನಿಂಗೂ ಬೇಡ ನಂಗೂ ಬೇಡ” ಎಂದರು. ಹುಡುಗಿ ನಕ್ಕಳು, ಇವರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ಪರವಾಗಿಲ್ಲ ಕಣೇ. ನೆಲ ಸ್ವಚ್ಛವಾಗಿದೆ. ಹೆಣ್ಮಕ್ಕಳೂ ತಲೆಗೆ ಬಟ್ಟೆ ಕಟ್ಟಿದ್ದಾರೆ,” ಎಂದರು.

ಅಷ್ಟು ಸಾಕಾಗಿತ್ತು ನನಗೆ. ಮನಸ್ಸಿನಲ್ಲಿ ಆಗಲೇ ಗಲ್ಲಾದಲ್ಲಿ ಕೂತುಬಿಟ್ಟಿದ್ದೆ.

ಹೊರಗೆ ಹೋಗುವ ದಾರಿಯಲ್ಲಿ ರೊಟ್ಟಿಯ ತಂತಿಬುಟ್ಟಿ ಇತ್ತು. ಯಾರೋ ಅವಸರದಲ್ಲಿ ಸುರಿದಿದ್ದಿರಬೇಕು, ದುಂಡು ರೊಟ್ಟಿಗಳೆಲ್ಲ ಮುಖ ಕೆಳಗಾಗಿ ಬಿದ್ದಿದ್ದವು.

“ತೋಬಾ, ತೋಬಾ!” ಅತ್ತೆ ಎದೆ ಮುಟ್ಟಿಕೊಂಡರು. ನಮ್ಮಲ್ಲಿ ರೊಟ್ಟಿಯನ್ನು ಕವುಚಿ ಇಡುವುದು ಸತ್ತವರನ್ನು ಬೋರಲು ಮಲಗಿಸಿದ ಹಾಗೆ. ಹಸುಗೂಸೂ ಹಾಗೆ ಮಾಡುವುದಿಲ್ಲ. ಅವರು ಕೈಚೀಲ ನನಗೆ ಕೊಟ್ಟು, ಒಂದೊಂದೇ ರೊಟ್ಟಿ ಎತ್ತಿ, ಊದಿ, ಮುಖ ಮೇಲೆ ಮಾಡಿ ಇಡತೊಡಗಿದರು.

“ಅಜ್ಜೀ, ಏನ್ಮಾಡ್ತಿದ್ದೀರಿ?” ಒಬ್ಬ ಕೆಲಸದ ಹುಡುಗಿ ಓಡಿ ಬಂದಳು. “ಬರಿಗೈಲಿ ಮುಟ್ಟೋ ಹಾಗಿಲ್ಲ.”

“ನಾನು ರೊಟ್ಟಿ ಮುಟ್ಟೋ ಹಾಗಿಲ್ವಾ? ನಿಮ್ಮಪ್ಪ ಹುಟ್ಟೋಕೆ ಮುಂಚೆಯಿಂದ ಮುಟ್ತಿದ್ದೀನಿ ಕಣಮ್ಮ.”

“ಮುಟ್ಟಿದ್ದನ್ನ ಕೊಳ್ಳಲೇಬೇಕು. ಅಲ್ಲಿ ಬರೆದಿದೆ ನೋಡಿ.”

“ಬರೆಯೋಕೆ ಬರುತ್ತೆ, ರೊಟ್ಟಿ ಇಡೋಕೆ ಬರಲ್ಲ!”

ಕಾವಲುಗಾರ ಬಂದ. ಜನ ಸೇರಿದರು. ನಮ್ಮ ಓಣಿಯ ಹೆಂಗಸರೇ ಮೂವರಿದ್ದರು. ಅಷ್ಟರಲ್ಲಿ ಲೋಲಾ ಓಪಾ ಬಂದು ನನ್ನ ಗುರುತು ಹಿಡಿದು ಹುಬ್ಬೇರಿಸಿದರು. ನನ್ನ ಕೆಲಸ ಕಣ್ಣೆದುರೇ ಕೈತಪ್ಪಿ ಹೋಗುತ್ತಿತ್ತು. ಆಗ ನನ್ನ ಹಾಳು ಬಾಯಿ ತೆರೆಯಿತು.

“ಕ್ಷಮಿಸಿ ಓಪಾ. ವಯಸ್ಸಾದವರು, ಅವರಿಗೆ ತಿಳಿಯೋದಿಲ್ಲ.”

ಅತ್ತೆ ಆ ಹುಡುಗಿಯನ್ನು ನೋಡಲಿಲ್ಲ, ಕಾವಲುಗಾರನನ್ನೂ ನೋಡಲಿಲ್ಲ. ನನ್ನನ್ನು ನೋಡಿದರು. ಕರವಸ್ತ್ರದ ಗಂಟು ಬಿಚ್ಚಿ ಮುಟ್ಟಿದ ಹನ್ನೊಂದು ರೊಟ್ಟಿಗಳಿಗೂ ದುಡ್ಡು ಕೊಟ್ಟರು. ಮಖಮಲ್ಲಿನ ಮಡಿಲಿನಲ್ಲಿ ಅವನ್ನು ಮುಖ ಮೇಲಾಗಿ ಜೋಡಿಸಿಕೊಂಡು ಎಲ್ಲರಿಗಿಂತ ಮುಂದೆ ಮನೆಯವರೆಗೂ ನಡೆದರು.

ಮನೆಗೆ ಬಂದವರೇ ಊಟದ ಬಟ್ಟೆ ಹಾಸಿ ರೊಟ್ಟಿ ಇಟ್ಟು, ಮೇಲಿನದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರು. “ಈ ಮನೆಯವರು ಯಾರೇ ಆ ಅಂಗಡಿಯೊಳಗೆ ಕಾಲಿಟ್ಟರೂ ಈ ರೊಟ್ಟಿ ನನ್ನ ಕಣ್ಣಿಗೆ ಹೊಡೀಲಿ.”

“ಅಯ್ಯೋ ಮುದುಕಿ, ಕಣ್ಣಿನ ಮೇಲೆ ಯಾಕೆ ಆಣೆ ಇಟ್ಟೆ?” ಎಂದರು ದಾದಾ. “ಮೊಣಕಾಲು ಅನ್ನಬಾರದಿತ್ತಾ? ಅದು ಹೇಗೂ ಕೆಟ್ಟಿತ್ತು.”

ಯಾರೂ ನಗಲಿಲ್ಲ. ರೊಟ್ಟಿ ಹಿಡಿದು ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ.

ರೊಟ್ಟಿ ಎಸೆಯುವ ಹಾಗಿಲ್ಲವಲ್ಲ, ಆರು ದಿನ ಅದನ್ನೇ ತಿಂದೆವು. ಒಣಗಿದ್ದನ್ನು ಸಾರಿಗೆ ಹಾಕಿ, ಇನ್ನೂ ಒಣಗಿದ್ದನ್ನು ಹಾಲಿಗೆ ಹಾಕಿ ತಿಂದೆವು. ಎರಡನೆಯ ದಿನ ಚಹಾ ಬಗ್ಗಿಸುತ್ತ ನಾನು ಮೆಲ್ಲಗೆ ಶುರು ಮಾಡಿದೆ.

“ಓಯಿ, ಅವತ್ತು ಬಾಯಿತಪ್ಪಿ ಏನೋ ಅಂದುಬಿಟ್ಟೆ...”

“ತಪ್ಪಲಿಲ್ಲವಲ್ಲ, ಸರಿಯಾಗೇ ಬಂತು. ನನಗೆ ವಯಸ್ಸಾಗಿದೆ. ತಿಳಿಯೋದಿಲ್ಲ. ತಿಳಿಯದೋಳ ಹತ್ರ ಯಾಕಮ್ಮ ಅಪ್ಪಣೆ ಕೇಳ್ತೀಯ?”

ಬೋತಿರ್ ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಹಿಡಿದುಕೊಂಡೆ. “ನೀವಾದ್ರೂ ಒಂದು ಮಾತು ಹೇಳಿ.”

“ಕಣ್ಣಿನ ಮೇಲೆ ಆಣೆ ಇಟ್ಟಿದ್ದಾರೆ, ಏನಂತ ಹೇಳ್ಲಿ? ನಾಳೆ ಅವರಿಗೇನಾದ್ರೂ ಆದ್ರೆ ಓಣಿಯೆಲ್ಲ ನಿನ್ನ ಕಡೆ ಬೆರಳು ತೋರಿಸುತ್ತೆ. ಸುಮ್ನಿರು.”

ಲೋಲಾ ಓಪಾ ದೊಡ್ಡ ಮನಸ್ಸಿನವರು. ತಿಂಗಳ ಕೊನೆಯವರೆಗೆ ಜಾಗ ಖಾಲಿ ಇಡುತ್ತೇನೆಂದು ದುರ್ದೋನಾಳ ಗೆಳತಿಯ ಕೈಲಿ ಹೇಳಿಕಳಿಸಿದ್ದರು. ನನಗೆ ನಾಲ್ಕು ವಾರವಿತ್ತು.

ಎರಡನೆಯ ವಾರದಲ್ಲಿ ನಮ್ಮ ಓಣಿಯ ಪುಟ್ಟ ಅಂಗಡಿ ಮುಚ್ಚಿತು. ಹೊಸ ಅಂಗಡಿ ಬಂದ ಮೇಲೆ ಆತನ ಹತ್ತಿರ ಉಪ್ಪು, ಬೆಂಕಿಪೊಟ್ಟಣ ಬಿಟ್ಟರೆ ಏನೂ ಹೋಗುತ್ತಿರಲಿಲ್ಲವಂತೆ. ಇನ್ನು ಎಣ್ಣೆ ಬೇಕೆಂದರೂ ಅಕ್ಕಿ ಬೇಕೆಂದರೂ ಭಾನುವಾರದ ಸಂತೆಗೇ ಕಾಯಬೇಕು. ಗುರುವಾರದ ಪಲೋವ್‌ಗೆ ಗಜ್ಜರಿ ಸಾಲಲಿಲ್ಲ. ಅತ್ತೆ “ಇದ್ದಷ್ಟರಲ್ಲೇ ಮಾಡು” ಎಂದರು. ಮಾಡಿದೆ, ಎಲ್ಲರೂ ಮುಖ ಸಿಂಡರಿಸಿಕೊಂಡು ತಿಂದರು.

ಆದರೆ ಮನೆಯ ಕಸ ಗುಡಿಸುವವಳು ನಾನು. ತಂದೂರ್ ಒಲೆಗೆ ಬೆಂಕಿ ಹಾಕುವವಳೂ ನಾನೇ. ಯಾರು ಏನು ತಿಂದರು ಎಂದು ನನಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೊದಲು ಸಿಕ್ಕಿದ್ದು ದಾದಾನ ನಿಲುವಂಗಿಯ ಕಿಸೆಯಲ್ಲಿ ಹಸಿರು ಚಹಾದ ಹೊಸ ಪೊಟ್ಟಣ. ಆಮೇಲೆ ಬೋತಿರ್‌ನ ಸಲಕರಣೆ ಚೀಲದ ತಳದಲ್ಲಿ ಸಾಸೇಜಿನ ಸಿಪ್ಪೆ. ದುರ್ದೋನಾಳ ದಿಂಬಿನ ಕೆಳಗೆ ಚಾಕೊಲೇಟಿನ ಕಾಗದಗಳು, ಒಂದಲ್ಲ, ಒಂಬತ್ತು. ಎಲ್ಲದರ ಜತೆಗೂ ಆ ಅಂಗಡಿಯ ಕಿತ್ತಳೆ ಬಣ್ಣದ ಚೀಲ. ಬೆಳಗ್ಗೆ ಎದ್ದು ನಾನು ಅವನ್ನೆಲ್ಲ ತಂದೂರ್‌ಗೆ ಹಾಕಿ ಸುಡುತ್ತಿದ್ದೆ. ಹೊಗೆ ಕಣ್ಣಿಗೆ ಬರುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು ಎಂದೇ ಹೇಳುತ್ತೇನೆ, ಸುಳ್ಳು ಯಾಕೆ?

ಅಂದರೆ ಈ ಮನೆಯಲ್ಲಿ ಅತ್ತೆಯ ಆಣೆಯನ್ನು ಪಾಲಿಸುತ್ತಿದ್ದವಳು ನಾನೊಬ್ಬಳೇ, ಅವರನ್ನು ತಿಳಿಯದವರು ಎಂದಿದ್ದವಳು.

ನಾಲ್ಕನೆಯ ವಾರ ಅತ್ತೆ ಸೂಜಿಗೆ ದಾರ ಪೋಣಿಸಲು ಕೂತರು. ಮೂರು ಸಲ ತಪ್ಪಿತು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. “ಎಡಗಡೆ ಎಲ್ಲ ಮಂಜು,” ಎಂದರು. ಸೂಜಿ ಪೆಟ್ಟಿಗೆ ಮುಚ್ಚಿಟ್ಟರು.

ಅಂದು ಸಂಜೆ ಉದ್ದ ಎಳೆಗಳ ಶ್ಯಾವಿಗೆಯಂಥ ಲಗ್ಮಾನ್ ಮಾಡಿದ್ದೆ. ಎಲ್ಲರೂ ಬಟ್ಟೆಯ ಸುತ್ತ ಕೂತಿದ್ದರು, ಸೆವಾರಾ ನನ್ನ ತೊಡೆಯ ಮೇಲಿದ್ದಳು. ಅತ್ತೆ ಚಮಚ ಮುಟ್ಟಲಿಲ್ಲ.

“ಯಾರೋ ಹೋಗಿದ್ದಾರೆ.”

ದಾದಾಗೆ ಕೆಮ್ಮು ಬಂತು. ಬೋತಿರ್ ತಟ್ಟೆಯಲ್ಲಿ ಏನೋ ಹುಡುಕತೊಡಗಿದರು. ದುರ್ದೋನಾ ಜಡೆಯ ತುದಿ ಬೆರಳಿಗೆ ಸುತ್ತಿದಳು.

“ವಯಸ್ಸಿಗೆ ಬರೋ ಪೊರೆ ಇರ್ಬೇಕು ಓಯಿ,” ಎಂದೆ ನಾನು. “ಡಾಕ್ಟರಿಗೆ...”

“ಹೌದಮ್ಮ, ವಯಸ್ಸು. ಅದೊಂದು ನಿನಗೆ ಚೆನ್ನಾಗಿ ನೆನಪಿರುತ್ತೆ. ಆ ಕೆಲಸದ ಮೇಲೆ ಪ್ರಾಣ ಇಟ್ಕೊಂಡಿರೋಳು ಈ ಮನೇಲಿ ಒಬ್ಬಳೇ. ಕದ್ದು ಹೋಗಿ ಬಂದ್ಯಾ?”

“ಇಲ್ಲ.”

“ನಿಜ ಹೇಳು. ನನ್ನ ಕಣ್ಣು ಹೋಗ್ತಿದೆ.”

ನಾನು ಸುತ್ತ ನೋಡಿದೆ. ಒಬ್ಬರಾದರೂ, ಒಬ್ಬರೇ ಒಬ್ಬರಾದರೂ ಬಾಯಿ ಬಿಡುತ್ತಾರೆಂದು ಕಾದೆ. ನನ್ನ ಗಂಡ ತಲೆ ಎತ್ತಲಿಲ್ಲ. ಮೈಯೆಲ್ಲ ಬೆಂಕಿ ಹತ್ತಿದ ಹಾಗಾಯಿತು. ನಡುವೆ ಇದ್ದ ರೊಟ್ಟಿಯ ಮೇಲೆ ಬಲಗೈ ಇಟ್ಟೆ. ಎಡಗೈ ಮಗಳ ತಲೆಯ ಮೇಲಿತ್ತು, ಅದನ್ನು ತೆಗೆಯಬೇಕೆಂದು ನನಗೆ ಹೊಳೆಯಲಿಲ್ಲ.

“ಅವತ್ತಿಂದ ಆ ಅಂಗಡಿಯೊಳಗೆ ಹೋಗಿಲ್ಲ. ಇನ್ನು ಹೋಗೋದೂ ಇಲ್ಲ. ಸುಳ್ಳಾದ್ರೆ ಈ ರೊಟ್ಟಿ ನಮಗೆ ಹೊಡೀಲಿ. ಸಾಕಾ? ಈಗ ಎಲ್ಲರೂ ಮುಟ್ಟಿ ಹೇಳಲಿ. ಮುಟ್ಟಿ!”

ಯಾರೂ ಮುಟ್ಟಲಿಲ್ಲ. ಲಗ್ಮಾನ್ ಆರಿತು. ಅತ್ತೆ ಒಬ್ಬೊಬ್ಬರ ಮುಖವನ್ನೂ ಒಂದೇ ಕಣ್ಣಲ್ಲಿ ನೋಡುತ್ತ ಹೋದರು. ನೋಡುತ್ತ ನೋಡುತ್ತ ಅವರಿಗೆ ತಿಳಿಯಿತು.

“ಅಜ್ಜಿ,” ಎಂದಳು ಸೆವಾರಾ, “ನೀವೂ ಮುಟ್ಬೇಡಿ. ನಾವು ಐಸ್‌ಕ್ರೀಮ್ ತಿಂದಿಲ್ವಾ, ಅಲ್ಲೇ ಒಳಗೆ ನಿಂತು?”

ದಾದಾ ಮೂಗಿನಿಂದ ಚಹಾ ಬರುವ ಹಾಗೆ ನಕ್ಕರು. “ಅಯ್ಯೋ ಮುದುಕೀ, ನಿನ್ನ ಕಣ್ಣಿಗೆ ನೀನೇ ಹೊಡ್ಕೊಂಡ್ಯಾ!” ಬೋತಿರ್ ನಕ್ಕರು, ದುರ್ದೋನಾ ಬಟ್ಟೆಯ ಮೇಲೆ ಬಿದ್ದು ಬಿದ್ದು ನಕ್ಕಳು. ಅತ್ತೆ ತಲೆಬಟ್ಟೆಯ ಅಂಚಿನಲ್ಲಿ ಮುಖ ಮುಚ್ಚಿಕೊಂಡರು. ಬೈಯುತ್ತಾರೆಂದುಕೊಂಡೆ, ಅವರ ಹೆಗಲೂ ಕುಲುಕುತ್ತಿತ್ತು. “ಬಿಸಿಲಿತ್ತು ಕಣ್ರೋ, ಮಗು ಅಳ್ತಿತ್ತು,” ಎಂದರು.

ನಾನೂ ನಕ್ಕೆ. ಮೂರು ವಾರದ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕೆ. ಎಲ್ಲ ಮುಗಿಯಿತು ಅಂದುಕೊಂಡೆ.

“ಹಾಗಾದ್ರೆ ನಾಳೆ ಬೆಳಗ್ಗೆ ಹೋಗಿ ಲೋಲಾ ಓಪಾಗೆ ಬರ್ತೀನಿ ಅಂತ ಹೇಳ್ಲಾ ಓಯಿ? ಇನ್ನು ಒಂದೇ ವಾರ ಇರೋದು.”

ಅತ್ತೆ ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು. ಕೋಪವಿರಲಿಲ್ಲ ಅವರ ಮುಖದಲ್ಲಿ. ಅದಕ್ಕೇ ನನಗೆ ಹೆದರಿಕೆಯಾಯಿತು.

“ಈಗಷ್ಟೇ ರೊಟ್ಟಿ ಮುಟ್ಟಿ ಏನಂದೆ ಮಗಳೇ?”

ಬೋತಿರ್ ಚಮಚ ಎತ್ತಿಕೊಂಡು, “ಊಟ ಮಾಡಿ, ಆರಿಹೋಯ್ತು,” ಎಂದರು.

ಅತ್ತೆಯ ಕಣ್ಣಿಗೆ ಪೊರೆಯೇ ಬಂದಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಅರ್ಧ ಗಂಟೆಯಲ್ಲಿ ತೆಗೆದು ಕಳಿಸಿದರು. ಪಟ್ಟಿ ಬಿಚ್ಚಿದ ದಿನ ಅವರು ಅಂಗಳದ ಕಟ್ಟೆಯ ಮೇಲೆ ಕೂತು ಮರದ ಎಲೆ ಎಲೆಯನ್ನೂ ನೋಡಿ ಖುಷಿಪಟ್ಟರು. “ನನ್ನ ಆಣೆ ನನ್ನ ಕಣ್ಣಿನ ಮೇಲಿತ್ತು. ಹೊಡೀತು, ಡಾಕ್ಟರು ತೆಗೆದ್ರು. ತೀರಿತು,” ಎಂದರು. ಮರುದಿನವೇ ಮಖಮಲ್ ತೊಟ್ಟು ಅಂಗಡಿಗೆ ಹೋದರು.

ನಾನು ಅವರ ಕಾಲ ಬುಡದಲ್ಲಿ ಕೂತು ಎಣ್ಣೆ ತಿಕ್ಕುತ್ತ ಕೇಳಿದೆ. “ಓಯಿ, ಕೋಪದಲ್ಲಿ ಆಡಿದ ಮಾತು ಅದು. ಹೇಗಾದ್ರೂ ಬಿಡಿಸಿ.”

“ನಂದಾಗಿದ್ರೆ ಬಿಡಿಸ್ತಿದ್ದೆ. ನಿನ್ನ ಎಡಗೈ ಎಲ್ಲಿತ್ತು ಅಂತ ನೆನಪಿದೆಯಾ?”

“ಗೊತ್ತಾಗ್ಲಿಲ್ಲ ಓಯಿ...”

“ನಾನು ತಡೀತಿಲ್ಲ ಮುನಿಸಾ. ಧೈರ್ಯ ಇದ್ರೆ ಹೋಗು. ಬಾಗಿಲು ಹೇಗೂ ತಾನೇ ತೆಗೆಯುತ್ತೆ.”

ನಾನು ಎಲ್ಲಿಗೂ ಹೋಗಿರಲಿಲ್ಲ. ಆದರೂ ಮರುದಿನ ಸೆವಾರಾಗೆ ಕೆಮ್ಮು ಬಂತು. ಎಲ್ಲ ಮಕ್ಕಳಿಗೂ ಬರುವಂಥ ಕೆಮ್ಮು. ಅವಳ ಎದೆಗೆ ಬಿಸಿ ಎಣ್ಣೆ ಹಚ್ಚುತ್ತ ಪಕ್ಕದಲ್ಲೇ ಕೂತೆ. ತಿಂಗಳ ಕೊನೆಯ ದಿನ ಹಾಗೇ ಕಳೆದುಹೋಯಿತು.

ಆ ಜಾಗಕ್ಕೆ ದುರ್ದೋನಾ ಸೇರಿದಳು. ಅತ್ತೆಯೇ ಕರೆದುಕೊಂಡು ಹೋಗಿ ಸೇರಿಸಿದರು. “ನವ್ರೂಜ್ ಹಬ್ಬ ಕಳೆದ ಮೇಲೆ ಮದುವೆ ಆಗಿ ಹೋಗೋ ಹುಡುಗಿ, ನಾಲ್ಕು ದಿನ ಖುಷಿಯಾಗಿರ್ಲಿ.” ಅವಳ ಕಿತ್ತಳೆ ಏಪ್ರನ್ ಒಗೆಯುವುದು, ಇಸ್ತ್ರಿ ಮಾಡುವುದು, ಬುತ್ತಿ ಕಟ್ಟುವುದು ನನ್ನ ಪಾಲಿಗೆ ಬಂತು. ಮೊದಲ ವಾರವೇ ಅವಳು ಅಳುತ್ತ ಬಂದಳು.

“ಅತ್ತಿಗೆ, ಯಂತ್ರ ಕೈಗೇ ಹತ್ತಲ್ಲ. ಜನ ಬೈತಾರೆ. ನೀವು ಹೇಳಿಕೊಡಿ.”

ಹೇಳಿಕೊಟ್ಟೆ. ಏಪ್ರಿಕಾಟ್ ಬೀಜಗಳನ್ನು ಸಾಲಾಗಿಟ್ಟು, ಇದು ಗುಂಡಿ, ಇದು ತಪ್ಪಾದರೆ ಒತ್ತುವುದು, ಚಿಲ್ಲರೆ ಎಡಗೈಯಲ್ಲಿ, ಕಣ್ಣು ಗಿರಾಕಿಯ ಮೇಲೆ ಎಂದು ತೋರಿಸಿದೆ. ನನ್ನ ಕೈ ಬೀಜಗಳ ಮೇಲೆ ತಾನಾಗಿ ಓಡುತ್ತಿತ್ತು. “ಅಬ್ಬಾ ಅತ್ತಿಗೆ, ನೀವೇ ಸೇರ್ಬೇಕಿತ್ತು!” ಎಂದಳು. ಪಾಪ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಆಡಿದ ಮಾತಲ್ಲ. ಆದರೂ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು.

ಅತ್ತೆ ದಿನಾ ಅಂಗಡಿಗೆ ಹೋಗಿ ರೊಟ್ಟಿಯ ಬುಟ್ಟಿಯ ಪಕ್ಕ ನಿಲ್ಲುತ್ತಿದ್ದರು. ಯಾರೂ ಈಗ ಅವರನ್ನು ತಡೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಮುಖ ಅರಳಿಸಿಕೊಂಡು ಬಂದರು. ನನ್ನ ಕೈಗೆ ಒಂದು ಚಾಕೊಲೇಟು ಇಟ್ಟು, “ತಿನ್ನು, ನಿನಗೇ ತಂದೆ,” ಎಂದರು. ಆರು ವರ್ಷದಲ್ಲಿ ಅವರು ನನಗೆಂದೇ ತಂದ ಮೊದಲ ವಸ್ತು ಅದು. ಬಾಯಿಗೆ ಹಾಕಿಕೊಂಡ ಮೇಲೆ ಹೇಳಿದರು.

“ಲೋಲಾಗೆ ನಮ್ಮನೆ ರೊಟ್ಟಿ ಬೇಕಂತೆ. ದಿನಾ ನಲವತ್ತು. ಆಗ್ಲಿ ಅಂತ ಒಪ್ಪಿಕೊಂಡು ಬಂದಿದ್ದೀನಿ.”

“ಯಾರು ಸುಡೋದು ಓಯಿ?”

“ಅದೇನು ಕೇಳ್ತೀಯ? ನಿನ್ನ ಕೈ ರುಚಿ ನನಗೆಲ್ಲಿ ಬರುತ್ತೆ.”

“ಓಣಿಯವರು ನಗಲ್ವಾ? ಕೆಲಸಕ್ಕೆ ಹೋಗೋ ಹಾಗಿಲ್ಲ, ಕೆಲಸ ಮಾತ್ರ ಮಾಡ್ಬೇಕು.”

“ಮನೇಲಿ ಕೂತು ಮಾಡೋದು ಕೆಲಸ ಹೇಗಾಗುತ್ತೆ?” ಎಂದರು ಅತ್ತೆ. ನಿಜವಾಗಿಯೂ ಆಶ್ಚರ್ಯಪಟ್ಟೇ ಕೇಳಿದರು.

ಈಗ ದಿನಾ ಕೋಳಿ ಕೂಗುವ ಮುಂಚೆ ಎದ್ದು ಹಿಟ್ಟು ನಾದುತ್ತೇನೆ. ತಂದೂರ್‌ನೊಳಗೆ ತೋಳಿನವರೆಗೆ ಕೈ ಹಾಕಿ ರೊಟ್ಟಿ ಅಂಟಿಸಿ ಅಂಟಿಸಿ ಮುಂಗೈಯ ಕೂದಲೆಲ್ಲ ಸುಟ್ಟುಹೋಗಿದೆ. ಪ್ರತಿ ರೊಟ್ಟಿಯ ನಡುವೆಯೂ ನನ್ನ ತಾಯಿ ಕೊಟ್ಟ ಮುಳ್ಳಚ್ಚು ಒತ್ತಿ ಹೂ ಮೂಡಿಸುತ್ತೇನೆ. ಅತ್ತೆ ತಳ್ಳುಗಾಡಿಯಲ್ಲಿ ಬಟ್ಟೆ ಹಾಸಿ, ಮುಖ ಮೇಲಾಗಿ ಜೋಡಿಸಿ ಕೊಂಡೊಯ್ಯುತ್ತಾರೆ. ಬಶೋರತ್ ಅಜ್ಜಿಯ ರೊಟ್ಟಿ ಎಂದು ಅಂಗಡಿಯಲ್ಲಿ ಚೀಟಿ ಹಾಕಿದ್ದಾರಂತೆ. ಸೆವಾರಾ ಓದಿ ಬಂದು ಹೇಳಿದಳು. ಅವಳಿಗೆ ಈಗ ಅಕ್ಷರ ಬರುತ್ತದೆ.

ಮೊನ್ನೆ ಮಂಜು ಸುರಿದು ಅತ್ತೆಯ ಮೊಣಕಾಲು ಹಿಡಿದುಕೊಂಡಿತು. “ಗಾಡಿ ನೀನೇ ತಗೊಂಡು ಹೋಗು. ಬಾಗಿಲ ಹತ್ರ ನಿಂತು ದುರ್ದೋನಾನ ಕೂಗು,” ಎಂದರು.

ತಳ್ಳಿಕೊಂಡು ಹೋದೆ. ಮೆಟ್ಟಿಲ ಬಳಿ ನಿಂತದ್ದೇ ತಡ, ಬಾಗಿಲು ಸರ್ ಎಂದು ತೆರೆಯಿತು. ಒಳಗಿನ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಎದುರಿಗೇ ಮೂರನೆಯ ಗಲ್ಲಾ. ನಾನು ಇಸ್ತ್ರಿ ಮಾಡಿದ ಏಪ್ರನ್ ತೊಟ್ಟು ದುರ್ದೋನಾ ಕೂತಿದ್ದಳು. ಚಿಲ್ಲರೆ ಎಡಗೈಯಲ್ಲಿ, ಕಣ್ಣು ಗಿರಾಕಿಯ ಮೇಲೆ.

“ಅತ್ತಿಗೆ, ಅಲ್ಲೇ ಇರಿ, ಅಲ್ಲೇ!” ಎಂದು ಕೂಗಿದಳು. ಓಡಿ ಬಂದು ನಾಲ್ಕು ಸಲ ಓಡಾಡಿ ರೊಟ್ಟಿಯನ್ನೆಲ್ಲ ಒಳಗೆ ಸಾಗಿಸಿದಳು.

ಗಾಡಿ ಖಾಲಿಯಾಯಿತು. ನಾನು ನಿಂತೇ ಇದ್ದೆ. ಬಾಗಿಲು ಮುಚ್ಚಲು ಹೊರಟಿತು, ನನ್ನನ್ನು ಕಂಡು ಮತ್ತೆ ತೆರೆಯಿತು. ಮತ್ತೆ ಮುಚ್ಚಲು ಹೊರಟಿತು, ಮತ್ತೆ ತೆರೆಯಿತು. ಒಳಗಿನಿಂದ ಲೋಲಾ ಓಪಾ ಕತ್ತು ಚಾಚಿ ನೋಡಿದರು.

“ಯಾರದು? ಒಳಗಾದ್ರೂ ಬನ್ನಿ, ಇಲ್ಲ ಹಿಂದಾದ್ರೂ ಸರೀರಿ ಅಕ್ಕಾ. ಬಿಸಿಯೆಲ್ಲ ಹೊರಗೆ ಹೋಗ್ತಿದೆ.”

ತಲೆಬಟ್ಟೆ ಹೊದ್ದಿದ್ದ ನನ್ನ ಗುರುತು ಅವರಿಗೆ ಹತ್ತಿರಲಿಲ್ಲ.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬಾಗಿಲು ಮುಚ್ಚಿಕೊಂಡಿತು. ಗಾಡಿ ತಿರುಗಿಸಿಕೊಂಡು ಮನೆ ಕಡೆ ನಡೆದೆ. ನಾಳೆಯ ಹಿಟ್ಟು ಜರಡಿ ಹಿಡಿಯುವುದಿತ್ತು.